ಪಾದದ ಅಳತೆ ಕೊಟ್ಟು ಬಂದದ್ದು

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸಾಗುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ಸಂತೆಕಲ್ಲೂರಿನಲ್ಲಿ ನೌಕರಿ ಶುರುವಾಗಿ ಲಿಂಗಸುಗೂರಿನಲ್ಲಿ ನಿವೃತ್ತಿಯಾಗುವವರೆಗೂ ನನ್ನ ದನಿ ಕೇಳಿದರೆ ವರಾಂಡದಲ್ಲಿ ಓಡುತ್ತಿದ್ದ ಮಕ್ಕಳು ನಡೆಯತೊಡಗುತ್ತಿದ್ದರು. ಆ ಟೀಚರು ಇವತ್ತು ಬ್ಯಾಂಡಿನ ಸಪ್ಪಳ ಕೇಳಿದ ಕೂಡಲೇ ಅಡುಗೆಮನೆಗೆ ಓಡಿ ಮಿಕ್ಸರ್ ಹಚ್ಚುತ್ತಾಳೆಂದು ಗೊತ್ತಾದರೆ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಾರು. ನಮ್ಮ ಓಣಿಯ ಮುಂದಿನ ರಸ್ತೆಯೇ ರುದ್ರಭೂಮಿಗೆ ಹೋಗುವ ರಸ್ತೆ. ಬರುತ್ತಿರುವ ಬ್ಯಾಂಡು ಮದುವೆಯದೋ ಮಣ್ಣಿನದೋ ಎಂದು ಮೊದಲ ಐದು ನಿಮಿಷ ತಿಳಿಯುವುದಿಲ್ಲ. ಎರಡಕ್ಕೂ ಅದೇ ಮಂದಿ, ಅದೇ ಡೋಲು. ಆ ಐದು ನಿಮಿಷ ನಾನು ಖಾಲಿ ಮಿಕ್ಸರ್ ತಿರುಗಿಸುತ್ತ ನಿಂತಿರುತ್ತೇನೆ.

ಮಣ್ಣು ಎಂದೆ. ನಮ್ಮ ಕಡೆ ಯಾರನ್ನಾದರೂ ಕಳಿಸಿಕೊಡಲು ಹೋಗುವುದಕ್ಕೆ ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ಆ ಒಂದು ಶಬ್ದ ಬಾಯಿಗೆ ಬರಬಾರದೆಂದು ಕನ್ನಡದ ಮಂದಿ ಎಷ್ಟು ಪರದಾಡಿದ್ದಾರೆ ನೋಡಿ. ತೀರಿಕೊಂಡರು, ಹೋಗಿಬಿಟ್ಟರು, ಶಿವಾಧೀನರಾದರು, ಲಿಂಗೈಕ್ಯರಾದರು. ಪತ್ರಿಕೆಯವರು ‘ನಿಧನ’ ಎಂದು ಒಂದು ಡಬ್ಬಿ ಮಾಡಿ ಮೂಲೆಗೆ ತಳ್ಳಿದ್ದಾರೆ. ನಾನು ಪೇಪರ್ ಓದುವಾಗ ಆ ಮೂಲೆಯ ಮೇಲೆ ಚಹಾದ ಬಟ್ಟಲು ಇಟ್ಟುಕೊಳ್ಳುತ್ತೇನೆ. ಹೀಗೆ ಬಟ್ಟಲು ಇಟ್ಟು ಮುಚ್ಚುತ್ತ ಅರವತ್ತೆರಡು ವರ್ಷ ಕಳೆದಿದ್ದೇನೆ.

ನನ್ನ ಜೊತೆ ಇರುವವಳು ನನ್ನ ಅಕ್ಕ ನೀಲಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ಹೋದ ಮೇಲೆ, ನಾನು ಸಂತೆಕಲ್ಲೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾಗ, ಒಂದು ಟ್ರಂಕು ಹಿಡಿದುಕೊಂಡು ಎರಡು ದಿನ ಇದ್ದು ಹೋಗುತ್ತೇನೆಂದು ಬಂದಳು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಅವಳಿಗೆ ಮಕ್ಕಳಿಲ್ಲ, ನಾನು ಮದುವೆಯಾಗಲಿಲ್ಲ. ಮನೆ ಎಂದರೆ ನಾವಿಬ್ಬರೇ. ನನ್ನ ಪಾಲಿನ ಧೈರ್ಯವನ್ನೂ ಅವ್ವ ಅಕ್ಕನಿಗೇ ಕೊಟ್ಟುಬಿಟ್ಟಳೆಂದು ನಾನು ಬಹಳ ವರ್ಷ ನಂಬಿದ್ದೆ. ಯಾಕೆಂದರೆ ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಮೊದಲು ಕರೆ ಬರುವುದು ಅಕ್ಕನಿಗೆ. ಮೈ ತೊಳೆಸಿ, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುವುದು ಅವಳ ಕೆಲಸ. ನಮ್ಮಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂತ ಹಾಗೆಯೇ ವಿಮಾನದಲ್ಲಿ ಒಯ್ಯುತ್ತೇವೆ, ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ವಿಮಾನವೆಂದರೆ ಬಿದಿರು, ಬಾಳೆಕಂಬ, ಹೂವಿನಿಂದ ಕಟ್ಟಿದ ಮಂಟಪ. ನಾಲ್ಕು ಜನ ಹೆಗಲ ಮೇಲೆ ಹೊರುತ್ತಾರೆ. ಅಕ್ಕ ಈ ಕೆಲಸಕ್ಕೆ ಹೋದಾಗಲೆಲ್ಲ ನಾನು ಮನೆಯ ಕಿಟಕಿ ಹಾಕಿಕೊಂಡು ಕೂತಿರುತ್ತಿದ್ದೆ.

ಎರಡು ವರ್ಷದ ಹಿಂದೆ ಪಾಮನಕಲ್ಲೂರಿನಲ್ಲಿ ನಮ್ಮ ಚಿಕ್ಕಮ್ಮ ತೀರಿಕೊಂಡಳು. ತಪ್ಪಿಸಿಕೊಳ್ಳಲು ಆಗಲಿಲ್ಲ, ಹೋದೆ. ಬೇಸಿಗೆ, ಅಂಗಳದ ತುಂಬ ಮಂದಿ. ಚಿಕ್ಕಮ್ಮನನ್ನು ಸಿಂಗರಿಸಿ ಕಟ್ಟೆಯ ಮೇಲೆ ಕೂರಿಸಿದ್ದರು. ಅವಳ ಇಬ್ಬರು ಮಕ್ಕಳಿಗೆ ಜಗಳ ಹತ್ತಿತು. ದೊಡ್ಡವನಿಗೆ ಭಜನೆಯವರು ಬೇಕು, ಸಣ್ಣವನಿಗೆ ಬ್ಯಾಂಡು ಬೇಕು. ದೊಡ್ಡವನಿಗೆ ಬಾಳೆಕಂಬದ ವಿಮಾನ, ಸಣ್ಣವನಿಗೆ ಥರ್ಮೋಕೋಲಿನದು. ಒಬ್ಬ ಹೊಲದಲ್ಲಿ ಅಂದ, ಇನ್ನೊಬ್ಬ ಊರ ರುದ್ರಭೂಮಿಯಲ್ಲಿ ಅಂದ. ಎರಡು ತಾಸು ಕಳೆಯಿತು. ಚಿಕ್ಕಮ್ಮನ ತಲೆ ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು, ಯಾರೋ ನೆಟ್ಟಗೆ ಮಾಡುತ್ತಿದ್ದರು, ಮತ್ತೆ ವಾಲುತ್ತಿತ್ತು. ಬದುಕಿದ್ದಾಗ ಆ ಹೆಂಗಸು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಮಕ್ಕಳಿಬ್ಬರೂ ಎದ್ದು ನಿಲ್ಲುತ್ತಿದ್ದರು.

ಅವತ್ತು ಮೊದಲ ಸಲ ನನ್ನ ಹೆದರಿಕೆಗೆ ಒಂದು ಆಕಾರ ಬಂತು. ಅಲ್ಲಿಯವರೆಗೆ ಅದು ಬರೀ ಹೊಟ್ಟೆಯೊಳಗಿನ ತಣ್ಣನೆಯ ಭಾವನೆಯಾಗಿತ್ತು. ಅಲ್ಲಿಂದ ಮುಂದೆ ನನಗೆ ಸ್ಪಷ್ಟವಾಗಿ ಕಾಣಿಸತೊಡಗಿತು: ನಾನು ಕಟ್ಟೆಯ ಮೇಲೆ ಕೂತಿದ್ದೇನೆ, ಸುತ್ತ ಗದ್ದಲ, ಮೂವತ್ತು ವರ್ಷ ಬಳಸಿದ ‘ಸೈಲೆನ್ಸ್’ ಎಂಬ ಮಾತು ಬಾಯಿಂದ ಹೊರಡುತ್ತಿಲ್ಲ. ಆಮೇಲೆ ಬಹಳ ದಿನ ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುವಾಗ ತಲೆ ಎಡಕ್ಕೆ ವಾಲಿದರೆ ಬೆಚ್ಚಿ ಎದ್ದುಬಿಡುತ್ತಿದ್ದೆ.

ಆ ವರ್ಷ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಹೋಗಿ, ತಾವು ಇನ್ನೂ ಇದ್ದೇವೆಂದು ಬೆರಳೊತ್ತಿ ಸಾಬೀತು ಮಾಡಬೇಕು. ನನ್ನ ಬೆರಳಿನ ಗೆರೆಗಳು ಚಾಕ್‌ಪೀಸಿಗೆ ಸವೆದುಹೋಗಿವೆ, ಯಂತ್ರ ಮೂರು ಸಲ ಒಪ್ಪಲಿಲ್ಲ. ಮೂರು ಸಲವೂ ನನ್ನ ಎದೆ ಧಸಕ್ಕೆಂದಿತು. ಯಂತ್ರಕ್ಕೆ ಏನಾದರೂ ಮೊದಲೇ ಗೊತ್ತಾಗಿದೆಯೋ ಎಂದು. ನಾಲ್ಕನೆಯ ಸಲ ಒಪ್ಪಿತು. ಹೊರಗೆ ಬಂದರೆ ಮೆಟ್ಟಿಲ ಮೇಲೆ ಯಾರೋ ಒಂದು ಚೀಟಿ ಕೈಗಿಟ್ಟರು. ಸಿಂಧನೂರಿನಲ್ಲಿ ಒಂದು ಟ್ರಸ್ಟ್ ಇದೆ. ಅಂತ್ಯಕ್ರಿಯೆಯ ಖರ್ಚನ್ನು ಈಗಲೇ ಕಟ್ಟಿ, ಹೇಗೆ ಆಗಬೇಕೆಂದು ಬರೆದುಕೊಟ್ಟರೆ, ‘ಆ ದಿನ’ ಅವರೇ ಬಂದು ವಿಮಾನ, ಹೂವು, ಭಜನೆ, ಗುಂಡಿ, ಸ್ವಾಮಿಗಳು, ಮೂರನೆಯ ದಿನದ ಊಟ, ಎಲ್ಲ ಬಂದೋಬಸ್ತು ಮಾಡುತ್ತಾರೆ. ಚೀಟಿಯಲ್ಲೂ ‘ಆ ದಿನ’ ಎಂದೇ ಇತ್ತು. ಅವರೂ ನನ್ನ ಪೈಕಿಯವರೇ ಎಂದು ಸಮಾಧಾನವಾಯಿತು.

ಇದು ಹೊಸ ಸಂಗತಿಯೇನೂ ಅಲ್ಲ. ವಿಜಾಪುರದ ಸುಲ್ತಾನ ಗೋಳಗುಮ್ಮಟದ ಕೆಲಸವನ್ನು ತಾನು ಗಟ್ಟಿಮುಟ್ಟಾಗಿದ್ದಾಗಲೇ ಹಚ್ಚಿದ್ದ. ನಾನು ನಾಲ್ಕು ಸಲ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೇನೆ, ಮೇಲೆ ಹತ್ತಿ ಅವರ ಜೊತೆ ನಾನೂ ಕೂಗಿದ್ದೇನೆ, ಏಳು ಸಲ ಮರುದನಿ ಬಂದಾಗ ಚಪ್ಪಾಳೆ ತಟ್ಟಿದ್ದೇನೆ. ಒಬ್ಬ ಮನುಷ್ಯ ತನ್ನ ಆ ದಿನಕ್ಕೆಂದು ಮುಂಚಿತವಾಗಿ ಮಾಡಿಟ್ಟುಕೊಂಡ ವ್ಯವಸ್ಥೆಯೊಳಗೆ ನಿಂತು ಕೂಗುತ್ತಿದ್ದೇನೆಂದು ಆಗ ಹೊಳೆದಿದ್ದರೆ ಮೆಟ್ಟಿಲು ಇಳಿಯುವ ಶಕ್ತಿಯೂ ಉಳಿಯುತ್ತಿರಲಿಲ್ಲ.

ಚೀಟಿಯನ್ನು ಅಕ್ಕನಿಗೆ ತೋರಿಸಿದೆ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು.

“ಇಬ್ಬರದೂ ಕಟ್ಟಿಬಿಡೋಣು” ಎಂದೆ.

“ನಿಂದು ಕಟ್ಟು. ನನಗ್ಯಾಕ ಟ್ರಸ್ಟು? ನೀ ಅದಿಯಲ್ಲ” ಅಂದಳು.

ಹಾಸ್ಯ ಮಾಡುತ್ತಿದ್ದಾಳೆಂದುಕೊಂಡೆ. ಗಣಿತದವರಿಗೆ ಈ ಜಡ್ಡು ಇದೆ. ಉತ್ತರ ತಮ್ಮ ಲೆಕ್ಕಕ್ಕೆ ಹೊಂದದಿದ್ದರೆ ಅದನ್ನು ಹಾಸ್ಯವೆಂದು ಬದಿಗಿಡುತ್ತಾರೆ.

ಸಿಂಧನೂರಿಗೆ ಒಬ್ಬಳೇ ಹೋದೆ. ಮಸ್ಕಿಯವರೆಗೆ ಎರಡೂ ಕಡೆ ಜೋಳದ ಹೊಲ, ಕರಿಮಣ್ಣು. ಮಸ್ಕಿ ದಾಟಿದ ಮೇಲೆ ಕಾಲುವೆಯ ನೀರು ಕಾಣಿಸಿ ಭತ್ತದ ಗದ್ದೆ ಶುರುವಾಗುತ್ತದೆ. ಬೇರೆ ದಿನಗಳಲ್ಲಿ ಈ ಹಸಿರು ಕಂಡರೆ ಕಣ್ಣು ತಂಪಾಗುತ್ತಿತ್ತು. ಅವತ್ತು ಮಾತ್ರ ಹೊಲದಲ್ಲಿ ಜೆಸಿಬಿ ತೋಡಿದ ಒಂದೊಂದು ಗುಂಡಿಯೂ ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಗೆ ಹೊರಟಿದ್ದೀರೆಂದು ಕೇಳಿದಳು. ಸೀರೆ ತರಲು ಎಂದೆ.

ಟ್ರಸ್ಟಿನ ಆಫೀಸು ಅಕ್ಕಿ ಅಂಗಡಿಗಳ ಸಾಲಿನ ಹಿಂದೆ ಒಂದು ಕೋಣೆ. ಅದನ್ನು ನಡೆಸುವ ಸಾಹುಕಾರರು ಅಪರೂಪಕ್ಕೆ ಬರುತ್ತಾರಂತೆ. ಎಲ್ಲವನ್ನೂ ನೋಡಿಕೊಳ್ಳುವವರು ಬಸಯ್ಯನವರು, ಐವತ್ತರ ಆಸುಪಾಸಿನ, ಬಹಳ ಮೆಲ್ಲಗೆ ಮಾತಾಡುವ ಮನುಷ್ಯ. ಆ ಮೆಲ್ಲಗಿನ ದನಿಯೇ ನನ್ನನ್ನು ಅರ್ಧ ಹೆದರಿಸಿತು. ಫಾರ್ಮ್ ತೆಗೆದು ಒಂದೊಂದೇ ಕೇಳುತ್ತ ಹೋದರು. ಬ್ಯಾಂಡೋ ಭಜನೆಯೋ? ಭಜನೆ. ಯಾವ ಹೂವು? ಸೇವಂತಿಗೆ ಎಂದೆ, ಆ ದಿನ ಯಾವ ಋತುವಿನಲ್ಲಿ ಬರುತ್ತದೋ ತಿಳಿಯದೆ, “ಸಿಕ್ಕರ” ಎಂದು ಸೇರಿಸಿದೆ. ಮೂರನೆಯ ದಿನ ಊಟಕ್ಕೆ ಹುಗ್ಗಿಯೋ ಬುಂದಿಯೋ? ನನಗೆ ಬುಂದಿ ಇಷ್ಟ, ಆದರೆ ನಾನೇನು ಉಣ್ಣುವವಳಲ್ಲ. ಹೋಟೆಲಿನಲ್ಲಿ ಕೂತು ತಿನ್ನಲಾಗದ ಊಟ ಹೇಳಿದ ಹಾಗಾಯಿತು. ಹುಗ್ಗಿ ಎಂದೆ.

ಆಮೇಲೆ ಬಸಯ್ಯನವರು ನೆಲದ ಮೇಲೆ ಒಂದು ಹಾಳೆ ಹಾಸಿದರು.

“ಬಲಗಾಲು ಇದರ ಮ್ಯಾಲೆ ಇಡ್ರಿ ಟೀಚರ್.”

“ಯಾಕ್ರಿ?”

“ಪಾದದ ಅಳತಿ ತೊಗೋಬೇಕ್ರಿ. ಗುಂಡಿ ಅವರವರ ಪಾದದ ಲೆಕ್ಕದಾಗ ತೋಡಬೇಕು. ಉದ್ದ ಒಂಬತ್ತು ಪಾದ, ಆಳ ಒಂಬತ್ತು ಪಾದ, ಅಗಲ ಐದು. ಹಳೇ ಪದ್ಧತಿ ರೀ, ಈಗ ಯಾರೂ ನೋಡಂಗಿಲ್ಲ. ನಮ್ಮ ಸಾಹುಕಾರರದು ಹಟ. ಟೇಪಿನ ಅಳತಿ ಊರಿಗೆಲ್ಲ ಒಂದ, ಪಾದದ ಅಳತಿ ನಿಮ್ಮದ ಅಂತಾರ.”

ಚಪ್ಪಲಿ ಬಿಟ್ಟೆ. ಅವರು ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಬಿಳಿ ದಾರ ಹಿಡಿದು, ಗಂಟು ಹಾಕಿ, ಕತ್ತರಿಸಿ, ಲಕೋಟೆಯಲ್ಲಿಟ್ಟು ನನ್ನ ಹೆಸರು ಬರೆದರು. ನನ್ನ ಪಾದ ಇಪ್ಪತ್ತೆರಡು ಸೆಂಟಿಮೀಟರ್. ಮೂವತ್ತು ವರ್ಷ ಉದ್ದ ಅಗಲ ಎತ್ತರ ಗುಣಿಸಿ ಘನಫಲ ತೆಗೆಯುವುದನ್ನು ಕಲಿಸಿದವಳ ತಲೆ ತಾನಾಗಿಯೇ ಓಡಿತು: ನಾಲ್ಕು ಘನ ಮೀಟರಿಗಿಂತ ತುಸು ಜಾಸ್ತಿ. ಟ್ರ್ಯಾಕ್ಟರಿನ ಒಂದು ಟ್ರೇಲರಿನಲ್ಲಿ ಹಿಡಿಸದಷ್ಟು ಮಣ್ಣು. ಈ ಲೆಕ್ಕ ಮುಂದೆ ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಮಕ್ಕಳು ಕೇಳುತ್ತಿದ್ದರು, ನಾನು ನೀರಿನ ತೊಟ್ಟಿಯ ಉದಾಹರಣೆ ಕೊಡುತ್ತಿದ್ದೆ. ಕುರ್ಚಿಯ ಕೈ ಹಿಡಿದುಕೊಂಡು ನೀರು ಕೇಳಿದೆ.

ನೀರು ಕುಡಿದು ಅಕ್ಕನ ಫಾರ್ಮನ್ನೂ ತುಂಬಿಸಿದೆ. ಎರಡರಲ್ಲೂ ಕೊನೆಗೆ ಒಂದು ಸಾಲಿತ್ತು: ‘ಸುದ್ದಿ ತಿಳಿಸುವವರು’. ಆ ದಿನ ಟ್ರಸ್ಟಿಗೆ ಫೋನ್ ಮಾಡುವವರು ಯಾರು ಎಂದು ಅದರ ಅರ್ಥ. ನನ್ನದರಲ್ಲಿ ಅಕ್ಕನ ಹೆಸರು ಬರೆದೆ, ಅಕ್ಕನದರಲ್ಲಿ ನನ್ನ ಹೆಸರು ಬರೆದೆ. ಬಸಯ್ಯನವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ನಿಮ್ಮದು ಅಕ್ಕಾರು ಹೇಳ್ತಾರ, ಅಕ್ಕಾರದು ನೀವು ಹೇಳ್ತೀರಿ. ಒಬ್ಬರದು ಪಾರಾತು. ಉಳಿದವರದು ಯಾರು ಹೇಳ್ತಾರ್ರಿ?”

ಎಷ್ಟು ಸಣ್ಣ ಲೆಕ್ಕ, ಒಂದನೇ ಇಯತ್ತೆಯದು. ಎರಡರಲ್ಲಿ ಒಂದು ಕಳೆದರೆ ಒಂದು. ಆ ಒಂದರ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಪಾಮನಕಲ್ಲೂರಿನ ಆ ಇಬ್ಬರ ಹೆಸರು ಹೇಳಲು ಮನಸ್ಸು ಬರಲಿಲ್ಲ. ಬಸಯ್ಯನವರೇ ದಾರಿ ತೋರಿಸಿದರು.

“ಫಿಕರ್ ಮಾಡಬ್ಯಾಡ್ರಿ. ಪ್ರತಿ ತಿಂಗಳು ಒಂದನೇ ತಾರೀಖಿಗೆ ನಾವ ಫೋನ್ ಮಾಡ್ತೀವಿ. ಅರಾಮ ಅದೀರೇನ್ರಿ ಅಂತ ಕೇಳ್ತೀವಿ. ಎತ್ತಲಿಲ್ಲಂದ್ರ ಬಂದು ನೋಡ್ತೀವಿ.”

ಒಂದನೇ ತಾರೀಖು ಫೋನ್ ಬರುತ್ತದೆ. ಎರಡನೇ ತಾರೀಖು ಆ ದಿನವಾದರೆ? ಮುಂದಿನ ಒಂದನೇ ತಾರೀಖಿನವರೆಗೆ ಇಪ್ಪತ್ತೊಂಬತ್ತು ದಿನ. ಮೂವತ್ತೊಂದರ ತಿಂಗಳಾದರೆ ಮೂವತ್ತು. ಮುಂದಿನ ಲೆಕ್ಕ ಮಾಡಲಾರದೆ ಚೀಲ ಹಿಡಿದು ಎದ್ದುನಿಂತೆ. ಬಸಯ್ಯನವರು ರಸೀದಿ ಕೊಟ್ಟು, ಅಕ್ಕನ ಪಾದಕ್ಕೆಂದು ಒಂದು ಮೊಳ ದಾರವನ್ನೂ ಕೊಟ್ಟು, ಮನೆಯಲ್ಲೇ ಅಳತೆ ಹಿಡಿದು ತನ್ನಿರಿ ಎಂದು ಕೈಮುಗಿದರು.

ಹೆದರಿಕೆ ಕಳೆದುಕೊಳ್ಳಲು ಹೋದವಳು ಹೆದರಿಕೆಗೆ ಸದಸ್ಯತ್ವ ಮಾಡಿಸಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ಬಲಗಾಲು ನನ್ನದಲ್ಲ ಅನ್ನಿಸತೊಡಗಿತು. ಅದರ ಒಂದು ಪ್ರತಿ ಸಿಂಧನೂರಿನ ಲಕೋಟೆಯಲ್ಲಿದೆ. ಮನೆಯಲ್ಲಿ ಹೊಸ್ತಿಲು ದಾಟುವಾಗ ಎಡಗಾಲು ಮುಂದಿಡುತ್ತಿದ್ದೆ. ಒಂದನೇ ತಾರೀಖು ಬಂತು, ಫೋನೂ ಬಂತು. ಪರದೆಯ ಮೇಲೆ ಟ್ರಸ್ಟಿನ ನಂಬರು ನೋಡಿ ಎತ್ತಲು ಕೈ ಬರಲಿಲ್ಲ, ಎತ್ತದಿದ್ದರೆ ವಿಮಾನ ಕಟ್ಟಿಕೊಂಡು ಬಂದಾರೆಂದು ಎತ್ತದೆ ಇರುವ ಹಾಗೂ ಇಲ್ಲ.

“ಅರಾಮ ಅದೀರೇನ್ರಿ ಟೀಚರ್?” ಎಂದಿತು ಮೆಲ್ಲಗಿನ ದನಿ.

“ಅರಾಮ, ಅರಾಮ, ಭಾಳ ಅರಾಮ ಅದೀನ್ರಿ” ಎಂದು ವರಾಂಡದ ದನಿಯಲ್ಲಿ ಕೂಗಿದೆ. ಅಂಗಳದಲ್ಲಿದ್ದ ಅಕ್ಕ ತಿರುಗಿ ನೋಡಿದಳು.

ಅಕ್ಕ ಮಾತ್ರ ಪಾದ ಕೊಡಲಿಲ್ಲ. ಕೇಳಿದಾಗಲೆಲ್ಲ ಕೆಲಸ ಇದೆ ಅನ್ನುತ್ತಿದ್ದಳು. ಒಂದು ದಿನ ಬಚ್ಚಲಿನಿಂದ ಬಂದ ಅವಳ ಒದ್ದೆ ಹೆಜ್ಜೆ ನೋಡಿ ದಾರ ಹುಡುಕಿಕೊಂಡು ಬರುವಷ್ಟರಲ್ಲಿ ಲಿಂಗಸುಗೂರಿನ ಬಿಸಿಲು ಹೆಜ್ಜೆಯನ್ನು ಕುಡಿದುಬಿಟ್ಟಿತ್ತು. ಚಪ್ಪಲಿಯ ಅಳತೆ ಹಿಡಿಯೋಣವೆಂದರೆ ಅವಳ ಕಾಲಿಗೆ ಬಾವು ಬರುವುದರಿಂದ ಚಪ್ಪಲಿ ಒಂದು ನಂಬರು ದೊಡ್ಡದು. ಒಂಬತ್ತರಿಂದ ಗುಣಿಸಿದರೆ ತಪ್ಪೂ ಒಂಬತ್ತು ಪಟ್ಟು ಆಗುತ್ತದೆ. ಕೊನೆಗೆ ಒಂದು ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಮಲಗಿದ್ದಾಗ, ನಿವೃತ್ತ ಗಣಿತ ಟೀಚರಾದ ನಾನು ಮಂಡಿಯೂರಿ, ದಾರ ಹಿಡಿದು, ಅವಳ ಹಿಮ್ಮಡಿಗೆ ಮುಟ್ಟಿಸಿದೆ.

“ಏನ್ ಮಾಡಾಕತ್ತಿ ಶಾಂತೀ?” ಕಣ್ಣು ತೆರೆಯದೆಯೇ ಕೇಳಿದಳು.

“ಕಾಲ್ಗೆಜ್ಜಿ... ಗೆಜ್ಜಿ ಮಾಡಸೋಣಂತ.”

“ಎಪ್ಪತ್ತಕ್ಕ ಗೆಜ್ಜಿ ಕಟಿಗೊಂಡು ಯಾವ ಮದವ್ಯಾಗ ಕುಣೀಲಿ?” ಎಂದು ಎದ್ದು ಕೂತಳು. “ದಾರ ಕೆಳಗಿಡು. ಒಂದು ಮಾತು ಹೇಳು. ಸಿಂಧನೂರಿಂದ ಆ ಮಂದಿ ಬರಾಕ ಎಷ್ಟೊತ್ತು ಬೇಕು?”

“ಬಸ್ಸಿನ್ಯಾಗ ಒಂದೂವರಿ ತಾಸು. ಎಲ್ಲಾ ತಯಾರಿ ಮಾಡ್ಕೊಂಡು ಬರಬೇಕಂದ್ರ ನಾಕು ತಾಸು.”

“ನಾಕು ತಾಸು ಕಾಲು ಕಾಯ್ತಾವೇನ?”

ನನಗೆ ತಿಳಿಯಲಿಲ್ಲ. ಅಕ್ಕ ನಿಧಾನಕ್ಕೆ ಹೇಳಿದಳು. ಉಸಿರು ನಿಂತ ಮೇಲೆ ಮೈ ಮೆತ್ತಗಿರುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ಕಾಲು ಮಡಿಸಿ ಕೂರಿಸಬೇಕು. ಹೊತ್ತು ಮೀರಿದರೆ ಕಾಲು ಸೆಟೆದುಕೊಳ್ಳುತ್ತವೆ, ಆಮೇಲೆ ಮಡಿಸುವುದೆಂದರೆ ಜುಲುಮೆ ಮಾಡಬೇಕಾಗುತ್ತದೆ. ಆ ಜುಲುಮೆ ಹೇಗಿರುತ್ತದೆಂದು ಅವಳು ಎರಡು ಮನೆಗಳಲ್ಲಿ ನೋಡಿದ್ದಾಳಂತೆ. ಅದನ್ನು ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ನಾನು ಕಟ್ಟಿ ಬಂದದ್ದರಲ್ಲಿ ಹೂವಿತ್ತು, ಭಜನೆಯಿತ್ತು, ಹುಗ್ಗಿಯಿತ್ತು. ಮೊದಲ ಒಂದು ತಾಸು ಇರಲಿಲ್ಲ. ಆ ತಾಸಿಗೆ ಮನೆಯಲ್ಲಿ ಯಾರಿದ್ದಾರೋ ಅವರೇ ಬೇಕು.

“ನೀ ಮೊದಲ ಹ್ವಾದ್ರ ನಾ ಅದೀನಿ” ಅಂದಳು ಅಕ್ಕ. “ನಿನ್ನ ತಲಿ ಬಾಚತೀನಿ, ಚೆಂದಾಗಿ ಕುಂದ್ರಸ್ತೀನಿ. ನಾ ಮೊದಲ ಹ್ವಾದ್ರ ನೀ ಬಾಗಲಾ ತಕ್ಕೊಂಡು ಹೊರಗ ಓಡ್ತಿ. ಖರೇನೋ ಸುಳ್ಳೋ?”

ಸುಳ್ಳು ಎನ್ನಬೇಕೆಂದುಕೊಂಡೆ. ದಾರವನ್ನು ಬೆರಳಿಗೆ ಸುತ್ತಿಕೊಂಡೆ. ಅವಳಿಗೆ ಗೊತ್ತಿಲ್ಲದ ಇನ್ನೊಂದು ಮಾತನ್ನು ಇಲ್ಲಿ ನಿಮಗೆ ಹೇಳಿಬಿಡುತ್ತೇನೆ. ದೇವರ ಮುಂದೆ ನಿಂತಾಗ ಬಹಳ ವರ್ಷಗಳಿಂದ ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ, ನಾನು ಅಕ್ಕನಿಗಿಂತ ಮೊದಲು ಹೋಗಬೇಕೆಂದು. ಅದನ್ನು ಅಕ್ಕನ ಮೇಲಿನ ಪ್ರೀತಿ ಎಂದು ತಿಳಿದುಕೊಂಡಿದ್ದೆ. ಪ್ರೀತಿಯೇನಲ್ಲ. ಕಷ್ಟದ ಲೆಕ್ಕವನ್ನು ಪಕ್ಕದವಳ ಪಾಟಿಗೆ ಸರಿಸಿ ಕೈತೊಳೆದುಕೊಳ್ಳುವ ಬುದ್ಧಿ.

“ಈ ಓಣ್ಯಾಗ ಎಷ್ಟೋ ಮಂದೀನ ಕುಂದ್ರಿಸೀನಿ” ಅಂದಳು ಅಕ್ಕ. ದನಿ ಸಣ್ಣದಾಗಿತ್ತು. “ನನ್ನ ಸರತಿ ಬಂದಾಗ ಗುರುತಿಲ್ಲದ ಮಂದಿ ಬಂದು ಜುಲುಮಿ ಮಾಡಬಾರದು. ಅದೊಂದು ಭಾಳ ಅಂಜಿಕಿ ನನಗ. ಪಾದ ಬೇಕಂದ್ರ ಕೊಡ್ತೀನಿ. ಮೊದಲ ನೀ ಕಲಿ.”

ಕಲಿಸುವುದು ಗೊತ್ತಿದ್ದ ನನಗೆ ಕಲಿಯುವುದು ಮರೆತುಹೋಗಿತ್ತು. ಅಕ್ಕ ಗೋಡೆಗೆ ಒರಗಿ ಕಾಲು ನೀಡಿದಳು. ಮೊಣಕಾಲಿನ ಕೆಳಗೆ ಒಂದು ಕೈ, ಹಿಮ್ಮಡಿಗೆ ಒಂದು ಕೈ, ಎಳೆಯಬಾರದು, ಎತ್ತಬೇಕು, ಮೊದಲು ಬಲಗಾಲು. ಅವಳ ಕಾಲು ಬೆಚ್ಚಗಿತ್ತು, ಹಿಮ್ಮಡಿ ಒರಟಾಗಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನಾನು ಅವಳ ಕಾಲನ್ನು ಹಬ್ಬದ ದಿನ ಮುಟ್ಟಿ ನಮಸ್ಕರಿಸಿದ್ದು ಬಿಟ್ಟರೆ ಕೈಯಲ್ಲಿ ಹಿಡಿದಿದ್ದೇ ಇಲ್ಲ.

“ಸುಮ್ಮನ ಮಾಡಬಾರದು, ಮಾತಾಡ್ಕೋತ ಮಾಡಬೇಕು” ಅಂದಳು. “ಹೆಸರು ಹಿಡದು ಕರಿಬೇಕು. ಇಲ್ಲಂದ್ರ ಕೈ ನಡುಗ್ತಾವು.” ಅಷ್ಟು ಹೇಳಿ ಕಣ್ಣು ಮುಚ್ಚಿ ಕೂತುಬಿಟ್ಟಳು.

ನಾನು ಅವಳ ಬಲಗಾಲು ಮಡಿಸಿದೆ. ಮುಖ ನೋಡಿದೆ. ಅಲುಗಾಟವಿಲ್ಲ. ಹೊರಗೆ ಬಿಸಿಲಿತ್ತು, ಓಣಿಯಲ್ಲಿ ಯಾರೋ ಬೈಕು ಹಚ್ಚುತ್ತಿದ್ದರು.

“ಕಣ್ಣು ತಗಿ ಬೇ ಅಕ್ಕಾ.”

“ಅವಾಗ ತಗಿತೀನೇನ?”

“ಈಗರ ತಗಿ.”

ತೆಗೆದಳು. ನನ್ನ ಮುಖ ನೋಡಿ ನಗಬೇಕೆಂದವಳು ನಗಲಿಲ್ಲ. ತಾನಾಗಿಯೇ ಬಲಗಾಲನ್ನು ಮುಂದಿಟ್ಟು ಪಾದ ಅಳೆಸಿಕೊಂಡಳು. ಇಪ್ಪತ್ತಮೂರು ಸೆಂಟಿಮೀಟರ್. ಇದಕ್ಕೆ ಘನಫಲ ತೆಗೆಯದಂತೆ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಪಾಠ ಒಪ್ಪಿಸುವ ದಿನ ಬೇಗ ಬಂತು. ಓಣಿಯ ತುದಿಯಲ್ಲಿ ಸೊಪ್ಪು ಮಾರುವ ಗಂಗಮ್ಮ ಎಂಬ ಮುದುಕಿ ಇದ್ದಳು. ಅವಳೂ ಮಗಳು ಮಲ್ಲಮ್ಮನೂ ಇಬ್ಬರೇ. ಮುಂಜಾನೆ ಹತ್ತರ ಹೊತ್ತಿಗೆ ಮಲ್ಲಮ್ಮ ನಮ್ಮ ಬಾಗಿಲಲ್ಲಿ ಬಂದು ನಿಂತು “ಅವ್ವ...” ಅಂದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು, ನನ್ನ ಕಡೆ ನೋಡಿದಳು. ನನಗೆ ಕಿಟಕಿ ಹಾಕಬೇಕೆನ್ನಿಸಿತು. ಕಾಲು ಮಾತ್ರ ಅವಳ ಹಿಂದೆ ಹೊರಟವು.

ಗಂಗಮ್ಮ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಕಟ್ಟಿಡಲು ತೆಗೆದ ಮೆಂತ್ಯದ ಸೊಪ್ಪು ಹಾಗೆಯೇ ಇತ್ತು. ಅಕ್ಕ ಬೆನ್ನಿನ ಕಡೆ ಕೂತು ಭುಜ ಎತ್ತಿ ಹಿಡಿದಳು. ಕಾಲಿನ ಕಡೆ ನಾನು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು, ಆ ಸಪ್ಪಳ ಅಲ್ಲಿದ್ದವರಿಗೆಲ್ಲ ಕೇಳಿಸುತ್ತಿದೆ ಅನ್ನಿಸಿತು. ಮಾತಾಡಬೇಕು. ಮೂವತ್ತು ವರ್ಷ ಬಾಯಿ ನೋಯುವಷ್ಟು ಮಾತಾಡಿದವಳಿಗೆ ಒಂದು ಮಾತೂ ಹೊಳೆಯಲಿಲ್ಲ.

“ಗಂಗಮ್ಮಾ” ಎಂದೆ. “ಗಂಗಮ್ಮಾ, ಹ್ವಾದ ವಾರ ಕೊಟ್ಟ ಮೆಂತೆ ಪಲ್ಲೆ ಭಾಳ ಚಲೋ ಇತ್ತು ನೋಡು. ಕಾಲು ತುಸು ಮ್ಯಾಲ ತೊಗೋ. ಹಾಂ, ಇಷ್ಟ. ಆತು. ಇನ್ನೊಂದು ತೊಗೋ.”

ಕಾಲು ಬಂತು. ಇನ್ನೂ ಬೆಚ್ಚಗಿತ್ತು. ಮಡಿಸಿದೆವು, ಕೂರಿಸಿದೆವು, ಬೆನ್ನಿಗೆ ಬಟ್ಟೆ ಹಾಯಿಸಿ ಗೋಡೆಯ ಗೂಟಕ್ಕೆ ಕಟ್ಟಿದೆವು. ಅಕ್ಕ ತಲೆ ಬಾಚುವಾಗ ನಾನು ಗಲ್ಲ ಹಿಡಿದು ತಲೆ ವಾಲದಂತೆ ನೋಡಿಕೊಂಡೆ. ನಾನು ಓಡಿಹೋಗಿರಲಿಲ್ಲ. ಧೈರ್ಯ ಬಂದು ನಿಂತಿದ್ದೆ ಎಂದುಕೊಳ್ಳಬೇಡಿ. ಗಂಗಮ್ಮನ ಗಲ್ಲ ನನ್ನ ಕೈಯಲ್ಲಿತ್ತು, ಬಿಟ್ಟು ಓಡುವುದು ಹೇಗೆ?

ಹೊರಡುವಾಗ ಮಲ್ಲಮ್ಮ ಅಕ್ಕನ ಕೈಯನ್ನೂ ನನ್ನ ಕೈಯನ್ನೂ ಒಟ್ಟಿಗೆ ಹಿಡಿದುಕೊಂಡಳು.

“ನಿಮ್ಮನ್ಯಾಗ ಹಂಗೇನರ ಬಂದ್ರ ಯಾವಾಗಿದ್ರೂ ನನ್ನ ಕರೀರಿ ಟೀಚರ್. ಒಬ್ಬರ ಕುಂದ್ರಬ್ಯಾಡ್ರಿ. ದಿನಾ ಮುಂಜಾನೆ ಪಲ್ಲೆ ತೊಗೊಂಡು ಬರ್ತೀನಲ್ಲ, ಬಾಗಲಾ ತಗಿಲಿಲ್ಲಂದ್ರ ನಾನ ಒಳಗ ಬರ್ತೀನಿ” ಅಂದಳು.

ತಿಂಗಳಿಗೊಮ್ಮೆ ಅಲ್ಲ, ದಿನಾ ಮುಂಜಾನೆ. ಅಳುವ ಮನೆಯಲ್ಲಿ ನಿಂತು ಇಂಥ ಲೆಕ್ಕ ಹಾಕಿದ್ದಕ್ಕೆ ನಾಚಿಕೆಯಾಯಿತು, ಆದರೂ ಹಾಕಿದೆ. ಬಸಯ್ಯನವರು ಮುಂದಿನ ಸಲ ಫೋನ್ ಮಾಡಿದಾಗ ಉಳಿದವರ ಸುದ್ದಿ ಹೇಳುವವಳ ಹೆಸರು ಬರೆದುಕೊಳ್ಳಿರಿ ಎಂದು ನಾನು ಹೇಳಬಹುದು.

ಮನೆಗೆ ಬರುವಾಗ ಅಕ್ಕನ ತೋಳು ಹಿಡಿದು ನಡೆಯುತ್ತಿದ್ದೆ. ನಮ್ಮ ಬಾಗಿಲ ಹತ್ತಿರ ಬಂದ ಮೇಲೆ ಕೇಳಿದಳು.

“ಅಂಜಿಕಿ ಆತೇನ?”

“ಭಾಳ ಆತು” ಎಂದೆ. “ನಿನಗ ಮೊದಮೊದಲ ಹಿಂಗ ಆಗಿತ್ತೇನ ಬೇ?”

“ಮೊದಮೊದಲ ಏನು?” ಅಂದಳು ಅಕ್ಕ. “ನನಗ ಈಗೂ ಆಗ್ಯಾದ ನೋಡು.”

ಆಗ ಗೊತ್ತಾಯಿತು, ನಾನು ಹಿಡಿದುಕೊಂಡಿದ್ದ ತೋಳೂ ನಡುಗುತ್ತಿದೆ. ಇಷ್ಟು ವರ್ಷ ಪ್ರತಿ ಸಲವೂ ಅವಳು ಹೀಗೆಯೇ ಬಂದಿರಬೇಕು, ಒಬ್ಬಳೇ. ನಾನು ಒಳಗಿದ್ದೆ, ಕೇಳಿರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ನಡುಮನೆ ಕತ್ತಲಾಗಿ ಕಾಣುತ್ತಿತ್ತು.

“ಹೋಗು, ಜಳಕಕ್ಕ ನೀರು ಕಾಸು” ಅಂದಳು.

“ನೀನೂ ಬಾ” ಎಂದೆ.

ಬಂದಳು.